ರಾಜನ ಮುಂದೆ ಒಂದು ಸ್ಟೂಲು

ನಾನಿರುವ ಟೂವಾಂಗ್ ಬಡಾವಣೆಯಲ್ಲಿ ಬೇಡದ ಸಾಮಾನುಗಳನ್ನು ಕಸದ ಲಾರಿಗೆಂದು ಫುಟ್‌ಪಾತಿಗೆ ತಂದಿಡುವ ವಾರ ಇದು. ನಿನ್ನೆ ನಾನು ಪಾಠ ಹೇಳುವ ಶಾಲೆಯಿಂದ ಬರುವಾಗ ಒಂದು ರಾಶಿಯ ಮೇಲೆ ಮರದ ಸ್ಟೂಲು ಕಂಡಿತು. ಮಳೆಗೆ ನೆನೆದು ಹಳೆಯ ವಾರ್ನಿಶ್ ವಾಸನೆ ಬರುತ್ತಿತ್ತು. ಅಲ್ಲೇ ನಿಂತುಬಿಟ್ಟೆ... ಆಂಟಿ ನೆನಪಾದರು.

ಈ ದೇಶಕ್ಕೆ ಓದಲು ಬಂದ ಹೊಸತರಲ್ಲಿ ನನಗೆ ಬಾಡಿಗೆಗೆ ರೂಮು ಕೊಟ್ಟವರು ಅವರು. ಮಂಗಳೂರು ಕಡೆಯವರು. ಗಲ್ಫ್‌ನ ಒಂದು ಖಾಸಗಿ ಶಾಲೆಯಲ್ಲಿ ಬಹಳ ವರ್ಷ ಇತಿಹಾಸ ಕಲಿಸಿ ಇಲ್ಲಿ ಬಂದು ನೆಲೆಸಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ದೊಡ್ಡವರ ಎದುರು ಕೂತು ಮಾತಾಡಲು ಬರುತ್ತಿರಲಿಲ್ಲ. ಅಮ್ಮ ಕಸ ಗುಡಿಸುತ್ತಿದ್ದ ದೊಡ್ಡಮನೆಯಲ್ಲಿ ನಾವ್ಯಾರೂ ಕೂತವರಲ್ಲ.

ಆ ಸೆಮಿಸ್ಟರಿನಲ್ಲಿ ಹಳೆಯ ಯುರೋಪಿನ ರಾಜರು, ತೆರಿಗೆ, ಮೇಲು ಕೀಳು ಇವುಗಳ ಬಗ್ಗೆ ಪ್ರೊಫೆಸರ್‌ಗಳೆದುರು ಮೌಖಿಕ ಪರೀಕ್ಷೆ ಕೊಡಬೇಕಿತ್ತು. ಮೊದಲ ಸಲ ಬಾಯೇ ಬಿಡದೆ ಫೇಲಾಗಿದ್ದೆ. ಮತ್ತೆ ಫೇಲಾದರೆ ಕೋರ್ಸೂ ಇಲ್ಲ, ವೀಸಾನೂ ಇಲ್ಲ.

ನನಗೆ ಅಭ್ಯಾಸವಾಗಲೆಂದು ಆಂಟಿ ತಮ್ಮ ಅಡುಗೆಮನೆಯನ್ನೇ ಫ್ರಾನ್ಸಿನ ಅರಮನೆ ಮಾಡಿದರು. ಕೈಯಿರುವ ಕುರ್ಚಿಯಲ್ಲಿ ಅವರು ರಾಜ. ನನಗೆ ಸ್ಟೂಲು.

“ಕೂತ್ಕೋ ಮಾರಾಯ್ತಿ. ಎಂತ, ಸ್ಟೂಲ್ ಕಚ್ತದಾ?”

“ನಿಂತೇ ಹೇಳ್ತೀನಿ ಆಂಟಿ.”

“ನಿಂತವರು ಅಲ್ಲಿ ಬೇಕಾದಷ್ಟಿದ್ದಾರೆ. ರೈತ ತೆರಿಗೆ ಕಟ್ಟಿ ಕಟ್ಟಿ ಹೊಲದಲ್ಲಿ ಬಗ್ಗಿದ್ದಾನೆ. ತೆರಿಗೆ ಕಟ್ಟದ ದೊಡ್ಡ ಮನುಷ್ಯ ಅರಮನೆಯಲ್ಲಿ ಕಾಲು ನೋಯಿಸ್ಕೊಂಡು ನಿಂತಿದ್ದಾನೆ, ಹೆಂಡತಿಗೆ ರಾಜನ ಮುಂದೆ ಕೂರಲು ಒಂದು ಸ್ಟೂಲ್ ಸಿಗ್ಲಿ ಅಂತ. ಆ ಕಾಲಕ್ಕೆ ಅದೇ ದೊಡ್ಡ ಮರ್ಯಾದೆ. ಯಾರು ಕೂರಬೇಕು ಅಂತ ಹೇಳುವವನೇ ರಾಜ. ಈಗ ಹೇಳು, ನಿನ್ನನ್ನು ನಿಲ್ಲಿಸಿದ್ದು ಯಾರು?”

ಸ್ಟೂಲಿನ ತುದಿಯಲ್ಲಿ ಕೂತೆ. ಮರುದಿನವೂ ಕೂತೆ...

ಪರೀಕ್ಷೆಯ ಕೋಣೆಯಲ್ಲಿ ಪ್ರೊಫೆಸರ್‌ಗಳು ಕೂರಲು ಹೇಳಿದರು. ಕೂತು, ರಾಜನ ಮುಂದಿನ ಆ ಸ್ಟೂಲಿನ ವಿಷಯದಿಂದಲೇ ಮಾತು ಶುರುಮಾಡಿದೆ. ಪಾಸಾದೆ.

ಕೆಲವು ವರ್ಷಗಳ ಮೇಲೆ ಆಂಟಿಗೆ ಮರೆವು ಹೆಚ್ಚಿತು. ಅವರ ಮಗಳು ತಾವಿದ್ದ ಪರ್ತ್‌ಗೆ ಕರೆದುಕೊಂಡು ಹೋಗಿ ಆರೈಕೆ ಕೇಂದ್ರಕ್ಕೆ ಸೇರಿಸಿದರು. ನೋಡಲು ಹೋದಾಗ ನನ್ನ ಗುರುತು ಸಿಗಲಿಲ್ಲ. ಅವರ ಕೈ ಹಿಡಿದು ಕೂತಿದ್ದೆ. ಬಾಗಿಲಲ್ಲಿ ನರ್ಸ್ ಕಾಣಿಸಿದ್ದೇ ತಡ, ಆಂಟಿ ದಡಬಡಿಸಿ ಎದ್ದು ಗೋಡೆಗೆ ಅಂಟಿ ನಿಂತರು.

“ಕೂತ್ಕೊಳ್ಳಿ ಆಂಟಿ.”

“ಶ್... ಏಳು.” ನನ್ನ ತೋಳು ಹಿಡಿದು ಎಳೆದರು. “ಶಾಲೆಯ ಓನರ್ ಬಂದ. ಕೂತದ್ದು ನೋಡಿದ್ರೆ ಊರಿಗೆ ಕಳಿಸಿಬಿಡ್ತಾನೆ.”

ಅವರ ಬೆರಳು ತಣ್ಣಗಿತ್ತು. ನರ್ಸ್ ಹೋಗುವವರೆಗೆ ನಾನೂ ಅವರ ಪಕ್ಕ ನಿಂತೆ.

ಆಂಟಿ ಈಗ ಇಲ್ಲ. ನಿನ್ನೆ ಫುಟ್‌ಪಾತಿನಲ್ಲಿ ಕಂಡ ಸ್ಟೂಲನ್ನು ಮನೆಗೆ ತಂದು ಒರೆಸಿ ಇಟ್ಟಿದ್ದೇನೆ. ಇವತ್ತು ಸ್ಟಾಫ್ ರೂಮಿಗೆ ಪ್ರಿನ್ಸಿಪಾಲ್ ಬಂದು ಹೋದರು. ನಾನು ಎದ್ದು ನಿಂತಿದ್ದೇನೆ ಎಂದು ತಿಳಿದದ್ದು ಅವರು ಹೋದ ಮೇಲೆ. ಮಿಕ್ಕವರೆಲ್ಲ ಕೂತೇ ಇದ್ದರು.