ಇಲ್ಲದ ತಮ್ಮನ ಸಾವು

ಬೆಳಿಗ್ಗೆ ಐದು ಗಂಟೆ ನಲವತ್ತೆರಡು ನಿಮಿಷಕ್ಕೆ ಜಿಡ್ಡಣ್ಣ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಅಳುವುದನ್ನು ಅಭ್ಯಾಸ ಮಾಡುತ್ತಿದ್ದ. ಎಡಗೈಯಲ್ಲಿ ಅಳಿಯ ಬರೆದುಕೊಟ್ಟ ಹಾಳೆ, ಬಲಗೈಯಲ್ಲಿ ತಲೆನೋವಿನ ಮುಲಾಮು ಸವರಿದ ಕರವಸ್ತ್ರ. ನಾಲ್ಕನೆಯ ಸಾಲಿಗೆ ಬಂದಾಗ ಕರವಸ್ತ್ರವನ್ನು ಕಣ್ಣಿಗೆ ಒತ್ತಬೇಕು. ಒತ್ತಿದ. ನೀರು ಬಂತು, ಜೊತೆಗೆ ವಾಕರಿಕೆಯೂ ಬಂತು.

ವಾಕರಿಕೆ ಅವನಿಗೆ ಸುಲಭಕ್ಕೆ ಬರುವಂಥದ್ದಲ್ಲ. ಹೋಟೆಲು, ಕ್ಯಾಂಟೀನುಗಳ ಅಡುಗೆಮನೆಯ ಹೊಗೆ ಕೊಳವೆಗಳನ್ನು ಕೆರೆದು ತೊಳೆಯುವುದು ಅವನ ಕಸುಬು. ಜನ ಅವನ ಸ್ವಂತ ಹೆಸರು ಮರೆತು ಜಿಡ್ಡಣ್ಣ ಎಂದು ಕರೆಯತೊಡಗಿ ಎಷ್ಟೋ ಕಾಲವಾಗಿತ್ತು. ಮೂವತ್ತೊಂದು ವರ್ಷಗಳ ಕಾಲ, ಹಳೆಯ ಎಣ್ಣೆಯ ಕಮಟಿನೊಳಗೆ ತಲೆ ತೂರಿಸಿದವನು. ಕಲ್ಲುಸಕ್ಕರೆಯೊಳಗೆ ದಾರ ಸಿಕ್ಕಿಕೊಂಡಂತೆ ಜಿಡ್ಡಿನೊಳಗೆ ಹೆಪ್ಪುಗಟ್ಟಿದ ಜಿರಳೆಗಳನ್ನು ಕೆರೆದು ತೆಗೆದು, ಕೈ ತೊಳೆದು, ಅಲ್ಲೇ ಕೂತು ಊಟ ಮಾಡಿದವನು.

ಈಚೆಗೆ ಯಂತ್ರ ತಂದ ಕಂಪನಿಗಳು ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಸೆಳೆದುಕೊಂಡಿದ್ದವು. ಅವನ ಪಾಲಿಗೆ ಉಳಿದದ್ದು ನಾಲ್ಕೇ ಅಡುಗೆಮನೆ. ಹನ್ನೊಂದು ಕ್ಯಾಂಟೀನು ನಡೆಸುವ ಸಂಸ್ಥೆಯೊಂದು ಆ ದಿನ ಮೂವರನ್ನು ಕರೆದಿತ್ತು. ತಲಾ ಐದು ನಿಮಿಷದಲ್ಲಿ ತಮ್ಮ ಕೆಲಸದ ಬಗ್ಗೆ ಹೇಳಬೇಕು, ಒಬ್ಬರಿಗೆ ಗುತ್ತಿಗೆ. ಇದೂ ಕೈತಪ್ಪಿದರೆ ತನ್ನ ಸಾಮಾನಿನ ಶೆಡ್ಡಿಗೆ ಬೀಗ ಜಡಿದು, ಅದೇ ಯಂತ್ರದವರ ಬಳಿ ಪೈಪು ಹಿಡಿಯುವ ಕೆಲಸಕ್ಕೆ ನಿಲ್ಲಬೇಕು.

ಅಳಿಯ, ಮಾರಾಟದವರಿಗೆ ಮಾತು ಕಲಿಸುವ ತರಬೇತುದಾರ. ಹಿಂದಿನ ವಾರ ಬಂದವನು ಮಾವ ಹೇಳಬೇಕೆಂದುಕೊಂಡಿದ್ದನ್ನು ಕೇಳಿ ತಲೆ ಕೊಡವಿದ್ದ.

“ಮಾವ, ನೀವು ಹೇಳೋದೆಲ್ಲ ಸರಿ. ಆದ್ರೆ ಅವರು ಬಾಗಿಲು ದಾಟೋವಷ್ಟರಲ್ಲಿ ಮರೆತಿರ್ತಾರೆ. ಮನಸ್ಸಲ್ಲಿ ಉಳೀಬೇಕು ಅಂದ್ರೆ ಒಂದು ಕಥೆ ಬೇಕು. ಹೊಗೆ ಕೊಳವೆಗೆ ಬೆಂಕಿ ಬಿದ್ದು ನಿಮ್ಮ ತಮ್ಮ ತೀರಿಕೊಂಡ, ಅವತ್ತಿಂದ ನೀವು ಈ ಕೆಲಸಕ್ಕೆ ಇಳಿದ್ರಿ.”

“ನನಗೆ ತಮ್ಮನೇ ಇಲ್ವಲ್ಲ.”

“ಅವರಿಗೆ ಗೊತ್ತಾ?”

ಒಲೆಯ ಮುಂದಿದ್ದ ಹೆಂಡತಿ ತಿರುಗದೆಯೇ ಅಂದಳು. “ನಮ್ಮತ್ತೆ ಮೂರು ಹೆಣ್ಣು ಒಂದು ಗಂಡು ಹೆತ್ತು ಸಾಕಪ್ಪಾ ಅಂತ ಕೈ ಮುಗಿದವರು. ಅವರು ಹೋದ ಮೇಲೆ ಅವರಿಗೊಂದು ಮಗನ್ನ ಹುಟ್ಟಿಸಿ, ಸುಟ್ಟೂ ಹಾಕಿದ್ರಲ್ಲ ಅಳಿಯಂದ್ರೇ.”

“ಅತ್ತೆ, ಇದು ಸುಳ್ಳಲ್ಲ, ತಂತ್ರ.”

ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ಜಿಡ್ಡಣ್ಣ ಹಾಳೆ ಇಸಿದುಕೊಂಡಿದ್ದ.

ಹನ್ನೊಂದು ಗಂಟೆಗೆ ಮೂರನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ ಮೂವರನ್ನೂ ಒಟ್ಟಿಗೇ ಕೂರಿಸಿದ್ದರು. ಮೇಜಿನಾಚೆ ಐದು ಜನ. ನಡುವೆ ಇದ್ದವರು ಕ್ಯಾಂಟೀನುಗಳ ಮುಖ್ಯಸ್ಥೆ, ನರೆಗೂದಲಿನ ಮೇಡಂ, ಕೈಯಲ್ಲಿ ಪೆನ್ಸಿಲು. ಮೊದಲನೆಯವನು ಕಂಪನಿಯ ಹೆಸರು ಅಚ್ಚಾದ ಚಾಕೊಲೇಟು ಹಂಚಿ, ಜಿಡ್ಡಿನ ರಾಕ್ಷಸ ಕುಣಿಯುವ ಚಿತ್ರ ತೋರಿಸಿದ. ಎರಡನೆಯವನು ಪ್ರಾಸದ ಹಾಡು ಕಟ್ಟಿಕೊಂಡು ಬಂದಿದ್ದ. ಚಪ್ಪಾಳೆ ತಟ್ಟಲು ತನ್ನ ಕಡೆಯ ಇಬ್ಬರನ್ನೂ ಕರೆತಂದಿದ್ದ. ಮೊದಲನೆಯವನಿಗೂ ಎರಡನೆಯವನಿಗೂ ಮೇಡಂ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: “ನೀವು ತೊಳೆದು ಹೋದ ಮೇಲೆ ಎಷ್ಟು ಕಡೆ ಬೆಂಕಿ ಬಿದ್ದಿದೆ?”

“ಸೊನ್ನೆ, ಮೇಡಂ,” ಎಂದ ಒಬ್ಬ. “ಸೊನ್ನೆಗಿಂತ ಕಡಿಮೆ,” ಎಂದ ಇನ್ನೊಬ್ಬ.

ಜಿಡ್ಡಣ್ಣನ ಸರದಿ ಬಂತು. ಹಾಳೆ ಬಾಯಿಪಾಠವಾಗಿತ್ತು. ನಾಲ್ಕನೆಯ ಸಾಲಿಗೆ ಕರವಸ್ತ್ರ ಒತ್ತಿದ. ಕಣ್ಣು ತೆರೆದಾಗ ಮೇಜಿನ ತುದಿಯಲ್ಲಿದ್ದ ಹುಡುಗಿ, ಟಿಪ್ಪಣಿ ಬರೆದುಕೊಳ್ಳುತ್ತಿದ್ದವಳು, ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳ ಕೈಯಲ್ಲಿ ಮುಲಾಮು ಇರಲಿಲ್ಲ.

ಬಾಯೊಳಗೆ ಏನೋ ಕಮಟು ಹತ್ತಿದಂತಾಯಿತು. ಯಾವ ಕೊಳವೆಯೊಳಗೂ ತಾನು ಇಷ್ಟು ಹೊಲಸಾದದ್ದಿಲ್ಲ ಅನ್ನಿಸಿತು.

“ಅಳಬೇಡಮ್ಮ,” ಎಂದ. “ನನಗೆ ತಮ್ಮ ಇಲ್ಲ. ಹುಟ್ಟಲೇ ಇಲ್ಲ. ಯಾರೋ ಬರೆದುಕೊಟ್ರು, ನಾನು ನಾಚಿಕೆ ಬಿಟ್ಟು ಹೇಳಿದೆ.”

ಹುಡುಗಿ ಕೆನ್ನೆ ಒರೆಸಿಕೊಂಡು ಅವನತ್ತ ನೋಡಿದಳು. ಕಾಲಿಗೆ ಮೆತ್ತಿದ ಸಗಣಿಯನ್ನು ನೋಡುವ ನೋಟ ಅದು. ಚಪ್ಪಾಳೆಯವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಜಿಡ್ಡಣ್ಣನ ಕಣ್ಣು ಮಾತ್ರ ಸುರಿಯುತ್ತಲೇ ಇತ್ತು.

“ಮತ್ತೆ ಈಗ್ಯಾಕೆ ಅಳ್ತಿದೀರಿ?” ಎಂದರು ಮೇಡಂ.

“ಇದು ಮುಲಾಮು, ಮೇಡಂ. ಸ್ವಲ್ಪ ಜಾಸ್ತಿ ಹಚ್ಚಿಬಿಟ್ಟೆ.”

“ಇನ್ನು ನಿಮ್ಮ ಯಾವ ಮಾತು ನಂಬೋದು ಹೇಳಿ?”

“ನಂಬೋ ಹಾಗಿಲ್ಲ,” ಎಂದು ಹಾಳೆ ಮಡಚಿ ಬಾಗಿಲ ಕಡೆ ತಿರುಗಿದ.

“ನಿಲ್ಲಿ. ಅವರಿಗೆ ಕೇಳಿದ್ದನ್ನ ನಿಮಗೂ ಕೇಳಬೇಕು. ಎಷ್ಟು ಕಡೆ ಬೆಂಕಿ ಬಿತ್ತು?”

“ಎರಡು.”

ಇದನ್ನು ಅವನು ಯಾವ ಗಿರಾಕಿಯ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

“ಯಾರಿಗೂ ಏನೂ ಆಗ್ಲಿಲ್ಲ, ಗೋಡೆ ಕಪ್ಪಾಯ್ತು. ಮೊದಲನೇದು ನನ್ನದೇ ತಪ್ಪು. ಕೊಳವೆ ಗೋಡೆ ಒಳಗೆ ಒಂದು ಕಡೆ ತಿರುಗಿತ್ತು, ಅದನ್ನ ಬಿಚ್ಚಿ ನೋಡ್ಲಿಲ್ಲ, ಅಲ್ಲಿ ಜಿಡ್ಡು ಉಳಿದುಬಿಟ್ಟಿತ್ತು. ಅವತ್ತಿಂದ ತಿರುವು ಎಣಿಸದೆ ಕೆಲಸ ಶುರು ಮಾಡಲ್ಲ. ಎರಡನೇದು ಯಾಕೆ ಬಿತ್ತು ಅಂತ ಇವತ್ತಿಗೂ ಗೊತ್ತಿಲ್ಲ.”

“ಕೆಳಗೆ ನಮ್ಮ ಅಡುಗೆಮನೆ ಕೊಳವೇಲಿ ಎಷ್ಟು ತಿರುವು?”

“ನೋಡದೆ ಹೇಳಲ್ಲ.”

ಮೇಡಂ ಪೆನ್ಸಿಲು ಕೆಳಗಿಟ್ಟು, “ನೋಡೋಣ ಬನ್ನಿ,” ಎಂದು ಎದ್ದರು.

ಮೊದಲು ಪರೀಕ್ಷೆಗೆಂದು ಮೂರು ಅಡುಗೆಮನೆ ಕೊಟ್ಟರು. ನಾಲ್ಕು ತಿಂಗಳ ಮೇಲೆ ಮಿಕ್ಕ ಎಂಟೂ ಬಂದವು. ಶೆಡ್ಡಿಗೆ ಬೀಗ ಬೀಳಲಿಲ್ಲ. ಟಿಪ್ಪಣಿಯ ಹುಡುಗಿ ಮಾತ್ರ ಇಂದಿಗೂ ಜಿಡ್ಡಣ್ಣ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾಳೆ; ಅದು ತನಗೆ ಸಲ್ಲಬೇಕಾದದ್ದೇ ಎಂದು ಅವನೂ ಸುಮ್ಮನಿದ್ದಾನೆ.

ಅಳಿಯ ತನ್ನ ತರಗತಿಗಳಲ್ಲಿ, ಸತ್ತ ತಮ್ಮನ ಕಥೆ ಹೇಳಿ ನಮ್ಮ ಮಾವ ಹನ್ನೊಂದು ಕ್ಯಾಂಟೀನು ಗೆದ್ದರು ಎಂದು ಪಾಠ ಮಾಡುತ್ತಾನಂತೆ. ಅದು ಕಿವಿಗೆ ಬಿದ್ದ ದಿನ ಜಿಡ್ಡಣ್ಣ ಊಟದ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

ಮೇಡಂಗೆ ಆ ತಮ್ಮ ನೆನಪಿಲ್ಲ. ಹೊಸದಾಗಿ ಬಂದ ವ್ಯವಸ್ಥಾಪಕರಿಗೆ ಜಿಡ್ಡಣ್ಣನನ್ನು ಪರಿಚಯಿಸುವಾಗ ಅವರಿಗೆ ಅವನ ಹೆಸರೂ ನೆನಪಾಗಲಿಲ್ಲ. “ಎಷ್ಟು ಕಡೆ ಬೆಂಕಿ ಬಿದ್ದಿದೆ ಅಂತ ಕೇಳಿದ್ದಕ್ಕೆ ಬೇರೆಯವರೆಲ್ಲ ಸೊನ್ನೆ ಅಂದಿದ್ರು,” ಎಂದರು. “ಇವರು ಹೇಳಿದ್ದು ಎರಡು.”