ಕದಿಯದ ಕೆಂಬಾಳೆ

ಅನ್ನಮ್ಮ ಮೊಟ್ಟಮೊದಲು ಕತೆ ಕಟ್ಟಿ ಹೇಳಿದ್ದು ಮಂಡಿಯೂರಿಕೊಂಡು. ಆಗ ಅವಳಿಗೆ ಒಂಬತ್ತು ವರ್ಷ. ಊರು ಕಮಲಾಪುರ, ಇಸವಿ ಎಂಬತ್ನಾಲ್ಕು. ಕೇಳಿದವರು ಒಬ್ಬರೇ, ಜಾಲರಿಯ ಆಚೆ ಕೂತಿದ್ದ ಫಾದರ್. ಅದು ಕತೆ ಅಂತ ಅವರಿಗೆ ಗೊತ್ತಿರಲಿಲ್ಲ. ಪಾಪ ಅಂತ ತಿಳಿದು ಕೇಳಿಸಿಕೊಂಡರು, ಪಾಪ.

ಊರಲ್ಲಿ ಕಥೋಲಿಕರ ಮನೆಗಳು ಎಣಿಸಿದರೆ ಹನ್ನೊಂದು. ಅನ್ನಮ್ಮನ ಅಪ್ಪ ನಿಂಗಣ್ಣ ಚರ್ಚಿನ ಗಂಟೆ ಹೊಡೆಯುತ್ತಿದ್ದ, ಅಂಗಳ ಗುಡಿಸುತ್ತಿದ್ದ. ಜ್ಞಾನಸ್ನಾನದ ಪುಸ್ತಕದಲ್ಲಿ ಅವನ ಹೆಸರು ಜೋಸೆಫ್. ಆ ಹೆಸರಿನಿಂದ ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಅವ್ವ ಮಲ್ಕಮ್ಮ ಹೊಲದ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು ಜಪಸರ ಹಿಡಿದು ಕೂತಳೆಂದರೆ ಮನೆಮಂದಿಯೆಲ್ಲ ಕೂರಲೇಬೇಕು. ಐವತ್ತು ಸಲ ಅದೇ ನಮೋ ಮರಿಯ. ನಲವತ್ತು ದಾಟುವ ಹೊತ್ತಿಗೆ ಅನ್ನಮ್ಮನಿಗೆ ತೂಕಡಿಕೆ ಬರುತ್ತಿತ್ತು, ಆದರೂ ಬಾಯಿ ತಪ್ಪುತ್ತಿರಲಿಲ್ಲ. ಆ ಮಾತಿನ ಏರಿಳಿತ ಅವಳ ಕಿವಿಯಲ್ಲಿ ಹಾಗೇ ಕೂತುಬಿಟ್ಟಿತು.

ಕಷ್ಟ ಇದ್ದದ್ದು ಶನಿವಾರದ್ದು. ಅವತ್ತು ಸಂಜೆ ಮಕ್ಕಳೆಲ್ಲ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಫಾದರ್ ಮುಂದೆ ಪಾಪನಿವೇದನೆ ಮಾಡಬೇಕು. ಧರ್ಮೋಪದೇಶ ಕಲಿಸುತ್ತಿದ್ದ ಸಿಸ್ಟರ್ ಬಹಳ ಕಟ್ಟುನಿಟ್ಟು. ಸುಮ್ಮನೆ ತಪ್ಪು ಮಾಡಿದೆ ಎಂದರೆ ಆಗದು. ಏನು ತಪ್ಪು, ಎಷ್ಟು ಸಲ, ಯಾರಿಗೆ ನೋವಾಯಿತು, ಎಲ್ಲ ಬಿಡಿಸಿ ಹೇಳಬೇಕು. ಅದಕ್ಕಾಗಿ ಮಲಗುವ ಮೊದಲು ದಿನವನ್ನು ಬೆಳಗಿನಿಂದ ಒಂದೊಂದಾಗಿ ನೆನಪಿಗೆ ತಂದುಕೊಳ್ಳಬೇಕು. ಅನ್ನಮ್ಮ ಹಾಗೇ ಮಾಡಿ ನೋಡಿದಳು. ಅವ್ವನಿಗೆ ಎದುರು ಮಾತಾಡಿದ್ದು ಎರಡು ಸಲ, ತಮ್ಮನಿಗೆ ಹೊಡೆದದ್ದು ಒಂದು ಸಲ, ಪ್ರಾರ್ಥನೆ ಮರೆತದ್ದು ಮೂರು ಸಲ. ವಾರ ವಾರವೂ ಇಷ್ಟೇ. ನನ್ನ ಹತ್ತಿರ ಪಾಪವೇ ಇಲ್ಲ ಎಂದು ಅಳು ಮೋರೆ ಮಾಡಿದ್ದಕ್ಕೆ ಸಿಸ್ಟರ್, ಹಾಗೆ ಅಂದುಕೊಳ್ಳುವುದೇ ದೊಡ್ಡ ಪಾಪ ಎಂದು ಗದರಿಸಿಬಿಟ್ಟರು.

ಫಾದರ್ ಕರಾವಳಿ ಕಡೆಯವರು. ಅವರ ಪುಸ್ತಕದ ಕನ್ನಡ ಕೇಳಿದರೆ ಊರವರಿಗೆ ನಗು, ಊರವರ ಮಾತು ಅವರಿಗೆ ಅರ್ಧಂಬರ್ಧ. ಅನ್ನಮ್ಮನ ಸವಕಲು ಪಾಪಗಳನ್ನು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. ಜಾಲರಿಯ ಆಚೆಯಿಂದ ಆಕಳಿಕೆ ಕೇಳುತ್ತಿತ್ತು. ತನ್ನ ಪಾಪ ಇಷ್ಟೊಂದು ಬೇಸರದ್ದೇ ಅಂತ ಹುಡುಗಿಗೆ ನಾಚಿಕೆಯಾಗುತ್ತಿತ್ತು. ಒಂದು ಶನಿವಾರ ಬಾಯಿ ಅದಾಗಿಯೇ ಜಾರಿತು. ಸಿಸ್ಟರ್ ಒಣಗಲು ಹಾಕಿದ್ದ ಹಪ್ಪಳ ಕದ್ದು ತಿಂದೆ ಎಂದಳು. ಸಿಸ್ಟರ್ ಹಪ್ಪಳ ಮಾಡಿಯೇ ಇರಲಿಲ್ಲ. ಆಚೆ ಕಡೆ ಬಟ್ಟೆ ಸರಿದ ಸದ್ದಾಯಿತು, ಫಾದರ್ ಮುಂದಕ್ಕೆ ಬಾಗಿದ್ದರು.

"ಆಮೇಲೆ?" ಎಂದರು.

ಆ ಒಂದು ಮಾತಿಗೆ ಅನ್ನಮ್ಮ ಮರುಳಾದಳು. ಅವತ್ತಿನವರೆಗೆ ಅವಳನ್ನು ಯಾರೂ ಆಮೇಲೆ ಏನಾಯಿತು ಎಂದು ಕೇಳಿರಲಿಲ್ಲ. ಮನೆಯಲ್ಲಿ ಅವಳು ಬಾಯಿ ತೆರೆದರೆ ಸಾಕು, ಹೋಗಿ ನೀರು ತಾ ಎನ್ನುವವರೇ ಎಲ್ಲ. ಮುಂದಿನ ವಾರಕ್ಕೊಂದು, ಅದರ ಮುಂದಿನ ವಾರಕ್ಕೊಂದು ಪಾಪ ತಯಾರಾಯಿತು. ಸಾಲಿನಲ್ಲಿ ಮುಖ ಸಪ್ಪಗೆ ಮಾಡಿಕೊಂಡು ನಿಲ್ಲುತ್ತಿದ್ದವಳು ಈಗ ಮುಂದೆ ನುಗ್ಗಿ ನಿಲ್ಲತೊಡಗಿದಳು. ಮಗಳ ಭಕ್ತಿ ನೋಡಿ ಮಲ್ಕಮ್ಮನಿಗೆ ಹಿಗ್ಗೋ ಹಿಗ್ಗು.

ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಅವಳು ಒಂದು ದೊಡ್ಡ ಪಾಪಕ್ಕೇ ಕೈ ಹಾಕಿದಳು. ಊರ ಅಂಚಿಗೆ ಬುರ್ಹಾನುದ್ದೀನ್ ಎಂಬವರ ಕೆಂಬಾಳೆಯ ತೋಟ. ಸುತ್ತ ಆಳೆತ್ತರದ ಕಲ್ಲಿನ ಗೋಡೆ, ರಸ್ತೆಗೆ ಕಾಣುವುದು ಎಲೆಯಷ್ಟೇ. ಕೆಂಬಾಳೆ ಬಡವರ ಬಾಯಿಗೆ ಬರುವ ಹಣ್ಣಲ್ಲ, ಅನ್ನಮ್ಮ ಅದರ ರುಚಿ ಕಂಡಿರಲಿಲ್ಲ. ಆ ಗೋಡೆ ಹತ್ತಿದೆ, ಕಲ್ಲಿನ ಸಂದಿಯಲ್ಲಿ ಕಾಲಿಟ್ಟಾಗ ಮೊಣಕಾಲು ತರಚಿತು, ಮೇಲೆ ಕೂತು ಉಸಿರು ಬಿಗಿಹಿಡಿದೆ, ಇಳಿದು ಎರಡು ಹಣ್ಣು ಕಿತ್ತೆ, ಅಲ್ಲೇ ತಿಂದೆ, ಸಿಪ್ಪೆಯನ್ನು ಕಾಲುವೆಯ ಮಣ್ಣಲ್ಲಿ ಹೂತೆ. ಹೇಳುತ್ತ ಹೇಳುತ್ತ ಅವಳಿಗೇ ಮೊಣಕಾಲು ಉರಿದ ಹಾಗಾಯಿತು. ಆಚೆ ಕಡೆ ಆಕಳಿಕೆ ಇಲ್ಲ, ಆಮೇಲೆ ಎಂಬ ಮಾತೂ ಇಲ್ಲ. ಫಾದರ್ ನಂಬಿಬಿಟ್ಟಿದ್ದರು.

ಕದ್ದದ್ದನ್ನು ಹಿಂದಕ್ಕೆ ಕೊಡಬೇಕು, ಮಗು, ಎಂದರು ಅವರು. ತಿಂದಾಗಿದೆ ಎಂದ ಮೇಲೆ ತೋಟದ ಯಜಮಾನರ ಹತ್ತಿರ ಹೋಗಿ ಎಲ್ಲ ಹೇಳಿ ಕ್ಷಮೆ ಕೇಳಬೇಕು, ಅದೇ ನಿನ್ನ ಪ್ರಾಯಶ್ಚಿತ್ತ, ಯಾರಿಗೆ ತಪ್ಪು ಮಾಡಿದ್ದೇವೋ ಅವರೇ ಕ್ಷಮಿಸಬೇಕು. ಅನ್ನಮ್ಮ ಪೇಚಿಗೆ ಬಿದ್ದಳು. ಪಾಪನಿವೇದನೆಯಲ್ಲಿ ಸುಳ್ಳು ಹೇಳುವುದಕ್ಕಿಂತ ದೊಡ್ಡ ಪಾಪವಿಲ್ಲವೆಂದು ಸಿಸ್ಟರ್ ಎಚ್ಚರಿಸಿದ್ದರು. ಈಗ ನಿಜ ಹೇಳಿದರೆ ಅದಕ್ಕೆ ಸಿಕ್ಕಿಬೀಳುತ್ತಾಳೆ. ಹೇಳದಿದ್ದರೆ ಮಾಡದ ಕಳ್ಳತನಕ್ಕೆ ಊರ ಅಂಚಿನವರೆಗೆ ನಡೆಯಬೇಕು. ಜಾಲರಿಯಲ್ಲಿ ಕೇಳಿದ್ದನ್ನು ಫಾದರ್ ಹೊರಗೆ ಉಸಿರೆತ್ತುವಂತಿಲ್ಲ, ಹೋಗದೆ ಇದ್ದಿದ್ದರೂ ನಡೆಯುತ್ತಿತ್ತು. ಆದರೆ ಅಷ್ಟು ಧೈರ್ಯದ ಹುಡುಗಿಯಾಗಿದ್ದರೆ ಅವಳು ನಿಜವಾಗಿಯೂ ಬಾಳೆಹಣ್ಣು ಕದಿಯುತ್ತಿದ್ದಳು.

ಹಾಗಾಗಿ ಹೋದಳು. ಬುರ್ಹಾನುದ್ದೀನ್ ತೋಟದ ಬಾಗಿಲಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ಕಣ್ಣಲ್ಲಿ ನೀರು ತುಂಬಿಕೊಂಡು ಅನ್ನಮ್ಮ ಗೋಡೆ ಹತ್ತಿದ್ದರಿಂದ ಹಿಡಿದು ಸಿಪ್ಪೆ ಹೂತದ್ದರವರೆಗೆ ಎಲ್ಲ ಒಪ್ಪಿಸಿದಳು. ಅವರು ಹಗ್ಗ ಪಕ್ಕಕ್ಕಿಟ್ಟು ಕೇಳಿದರು. ಯಾವ ಕಡೆಯ ಗೋಡೆ ಎಂದು ವಿಚಾರಿಸಿದರು. ಹಣ್ಣು ಹೇಗಿತ್ತು ಎಂದು ಕೇಳಿದಾಗ ಅನ್ನಮ್ಮ ತಬ್ಬಿಬ್ಬಾಗಿ, ಉಪ್ಪುಪ್ಪಾಗಿತ್ತು ಎಂದಳು. ಅವರು ಗಡ್ಡ ನೀವಿಕೊಂಡರು.

"ಮಾಫ್ ಮಾಡೀನಿ, ಬೇಟಿ. ಕಣ್ಣು ಒರಸ್ಕೋ, ಮನಿಗಿ ಹೋಗು."

ಅಷ್ಟೇ ಆಗಿದ್ದರೆ ಮರೆಯುತ್ತಿದ್ದಳೋ ಏನೋ. ಆ ವರ್ಷ ಕ್ರಿಸ್‌ಮಸ್ ದಿನ ಬುರ್ಹಾನುದ್ದೀನರ ಮನೆಯಿಂದ ಒಂದು ಚಿಪ್ಪು ಕೆಂಬಾಳೆ ನಿಂಗಣ್ಣನ ಮನೆಗೆ ಬಂತು. ಮುಂದಿನ ವರ್ಷವೂ ಬಂತು. ಮನೆಯವರೆಲ್ಲ ಖುಷಿಯಿಂದ ತಿಂದರು. ಹಣ್ಣು ಜೇನಿನಂತೆ ಸಿಹಿಯಾಗಿತ್ತು, ಅನ್ನಮ್ಮನ ಗಂಟಲಲ್ಲಿ ಮಾತ್ರ ಇಳಿಯಲಿಲ್ಲ. ಒಬ್ಬ ಒಳ್ಳೆಯ ಮನುಷ್ಯನ ಹತ್ತಿರ ಸುಳ್ಳು ಹೇಳಿ ನಿಜವಾದ ಕ್ಷಮೆ ಪಡೆದುಕೊಂಡು ಬಂದಿದ್ದಳು. ಅವತ್ತಿನಿಂದ ಅವಳು ಇಲ್ಲದ್ದನ್ನು ಹೇಳುವುದನ್ನೇ ಬಿಟ್ಟಳು. ಶನಿವಾರಗಳು ಮತ್ತೆ ಸಪ್ಪೆಯಾದವು.

ಎರಡು ಸಾವಿರದ ಮೂರರ ಹೊತ್ತಿಗೆ ಅನ್ನಮ್ಮ ಕಲಬುರಗಿಯ ಜೇವರ್ಗಿ ಕಾಲೋನಿಯ ಒಂದು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುತ್ತಿದ್ದಳು. ಸಿಸ್ಟರುಗಳ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಿದವಳು, ಅಕ್ಷರ ದುಂಡಗೆ. ರೋಗಿಗಳು ಡಾಕ್ಟರಿಗೆ ಹೇಳುವುದಕ್ಕಿಂತ ಹೆಚ್ಚನ್ನು ಇವಳಿಗೆ ಹೇಳುತ್ತಿದ್ದರು. ಎಷ್ಟು ದಿನದಿಂದ ನೋವು, ದಿನಕ್ಕೆ ಎಷ್ಟು ಸಲ, ಆಮೇಲೆ ಏನಾಯಿತು ಎಂದು ಇವಳು ಕೇಳುವ ರೀತಿಗೆ ಎಂಥವರೂ ಬಾಯಿ ಬಿಡುತ್ತಿದ್ದರು. ಔಷಧ ಕಂಪನಿಯವರು ಬಿಟ್ಟುಹೋದ ರೈಟಿಂಗ್ ಪ್ಯಾಡುಗಳಲ್ಲಿ ಸಂಜೆ ಕೂತು ಅದನ್ನೆಲ್ಲ ಬರೆದಿಡುತ್ತಿದ್ದಳು. ದಿನವನ್ನು ಬೆಳಗಿನಿಂದ ನೆನಪಿಗೆ ತಂದುಕೊಳ್ಳುವ ಚಟ ಬಿಟ್ಟಿರಲಿಲ್ಲ. ಕಂಡದ್ದು, ಕೇಳಿದ್ದು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ.

ಅವುಗಳನ್ನು ಓದುತ್ತಿದ್ದವಳು ಒಬ್ಬಳೇ, ಅದೇ ಕ್ಲಿನಿಕ್ಕಿನ ನರ್ಸ್ ಗುಲ್ಶನ್. ಬಾಯಿ ಸ್ವಲ್ಪ ಜೋರು, ಮನಸ್ಸು ಬೆಣ್ಣೆ. ಒಂದು ಮಧ್ಯಾಹ್ನ ಊಟದ ಡಬ್ಬಿ ಬದಿಗಿಟ್ಟು ಪ್ಯಾಡು ಮುಚ್ಚಿದಳು.

"ಛಲೋ ಬರದೀ ಅಕ್ಕಾ, ಖರೆ. ಆದ್ರ ಇದು ರೋಗಿ ಚೀಟಿ ಆಗ್ಯಾದ, ಕತಿ ಎಲ್ಲದ? ಆ ಮುದುಕಿ ಮಗನ್ನ ನೋಡಲಾಕ ಹೋದ್ಲೋ ಇಲ್ಲೋ?"

ಗೊತ್ತಿಲ್ಲ, ಆಕೆ ಮತ್ತೆ ಕ್ಲಿನಿಕ್ಕಿಗೆ ಬರಲೇ ಇಲ್ಲ ಎಂದಳು ಅನ್ನಮ್ಮ. ಹಂಗಾದ್ರ ನೀನೇ ಆಕಿನ್ನ ಕಳಿಸು ಎಂದು ಗುಲ್ಶನ್ ತಟ್ಟನೆ ಹೇಳಿ, ಪೇಪರಿನ ಒಂದು ತುಂಡನ್ನು ಮುಂದಿಟ್ಟಳು. ಕಲಬುರಗಿಯದೇ ಒಂದು ವಾರಪತ್ರಿಕೆ ಹೊಸಬರಿಂದ ಕತೆಗಳನ್ನು ಕರೆದಿತ್ತು. ಮಾರ್ಚ್ ಮೂವತ್ತೊಂದು ಕೊನೆಯ ದಿನ. ಆರು ವಾರ ಇತ್ತು.

ಅನ್ನಮ್ಮನಿಗೆ ಆಸೆಯಾಯಿತು, ಅದನ್ನು ಮುಚ್ಚಿಡುವುದೇಕೆ. ತನ್ನ ಹೆಸರು ಅಚ್ಚಿನಲ್ಲಿ ಬರಬೇಕು, ಯಾರೋ ಗುರುತಿಲ್ಲದವರು ಓದಿ ಆಮೇಲೆ ಏನಾಯಿತು ಎಂದು ಹಾಳೆ ತಿರುವಬೇಕು. ಬರೆಯಲು ಕೂತರೆ ಬಂದದ್ದು ಬಾಳೆಹಣ್ಣಿನ ಕತೆಯೇ. ಹುಡುಗಿ ಗೋಡೆಯ ಹತ್ತಿರ ಬಂದಳು, ಕಲ್ಲಿನ ಸಂದಿಯಲ್ಲಿ ಕಾಲಿಟ್ಟಳು, ಹತ್ತಿ ಕೂತಳು. ಅಲ್ಲಿಗೆ ಕೈ ನಿಂತಿತು. ಹತ್ತಿದ್ದೂ ನಿಜವಲ್ಲ, ಇಳಿದು ಕದ್ದದ್ದಂತೂ ನಡೆದೇ ಇಲ್ಲ. ನಡೆಯದ್ದನ್ನು ನಡೆದಂತೆ ಹೇಳಿದ್ದಕ್ಕೆ ತಾನೇ ಹತ್ತೊಂಬತ್ತು ವರ್ಷದಿಂದ ಎದೆಯಲ್ಲಿ ಕಲ್ಲು ಹೊತ್ತಿದ್ದು? ಐದು ಸಲ ಹರಿದು ಹಾಕಿ ಹೊಸದಾಗಿ ಶುರು ಮಾಡಿದಳು. ಐದು ಸಲವೂ ಹುಡುಗಿ ಗೋಡೆಯ ಮೇಲೆಯೇ ಕೂತಳು.

ಕೊನೆಗೆ ಒಂದು ಶನಿವಾರ ನಗರದ ಚರ್ಚಿಗೆ ಹೋಗಿ, ಚಿಕ್ಕವಳಿದ್ದಾಗ ಪಾಪನಿವೇದನೆಯಲ್ಲಿ ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡಳು. ಆಚೆ ಇದ್ದ ಫಾದರ್ ತರುಣರು. ಎರಡೇ ನಿಮಿಷದಲ್ಲಿ ಮೂರು ನಮೋ ಮರಿಯ ಹೇಳಿಸಿ ಪಾಪ ಪರಿಹರಿಸಿ ಕಳಿಸಿದರು. ದೇವರ ಲೆಕ್ಕ ಮುಗಿಯಿತು ಎಂದು ಅವಳಿಗೂ ಅನ್ನಿಸಿತು. ಪ್ಯಾಡಿನ ಮುಂದೆ ಕೂತರೆ ಕೈ ಮಾತ್ರ ಓಡಲಿಲ್ಲ. ಯಾರಿಗೆ ತಪ್ಪು ಮಾಡಿದ್ದೇವೋ ಅವರೇ ಕ್ಷಮಿಸಬೇಕು ಎಂಬ ಹಳೆಯ ಫಾದರ್ ಹೇಳಿದ ಮಾತು ನೆನಪಾಯಿತು. ಬುರ್ಹಾನುದ್ದೀನ್ ಇದ್ದದ್ದು ಕಮಲಾಪುರದಲ್ಲಿ, ವಯಸ್ಸು ಎಂಬತ್ತರ ಹತ್ತಿರ. ತಡ ಮಾಡುವ ಹಾಗಿರಲಿಲ್ಲ.

ಮಾರ್ಚ್ ಕೊನೆಯ ಭಾನುವಾರ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ, ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸು ಹತ್ತಿದಳು. ನಾಳೆ ಮಧ್ಯಾಹ್ನದೊಳಗೆ ಕತೆ ಪತ್ರಿಕೆಯ ಕಚೇರಿಗೆ ಸೇರಬೇಕು, ಇಲ್ಲದಿದ್ದರೆ ಇಲ್ಲ. ಮುದುಕರು ಸಿಟ್ಟಾಗಿ ಹೊರಗೆ ಹೋಗು ಎಂದರೆ ಪ್ಯಾಡನ್ನು ಒಲೆಗೆ ಹಾಕಿ ಚೀಟಿ ಬರೆದುಕೊಂಡು ಇರುವುದು ಎಂದು ನಿಶ್ಚಯ ಮಾಡಿಕೊಂಡಿದ್ದಳು. ಈ ನಿಶ್ಚಯವನ್ನು ಗುಲ್ಶನ್‌ಗೆ ಹೇಳಿರಲಿಲ್ಲ, ಹೇಳಿದ್ದರೆ ಬೈಸಿಕೊಳ್ಳುತ್ತಿದ್ದಳು.

ಬುರ್ಹಾನುದ್ದೀನ್ ಅಂಗಳದ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಒರಗಿದ್ದರು. ಕಣ್ಣು ಮಂಜಾಗಿತ್ತು, ಕಿವಿ ಚುರುಕಿತ್ತು. ಅವರ ಹೆಂಡತಿ ರೋಷನಬಿ ಇವಳ ಗುರುತು ಹಿಡಿದು, ಗಂಟಿ ಹೊಡಿಯೋ ನಿಂಗಣ್ಣನ ಮಗಳು ಎಂದು ಗಂಡನಿಗೆ ಹೇಳಿ ಚಹಾಕ್ಕೆ ಇಟ್ಟರು. ಅನ್ನಮ್ಮ ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಳು. ತಾನು ಅವತ್ತು ಹಣ್ಣು ಕದ್ದಿರಲಿಲ್ಲ, ಗೋಡೆ ಹತ್ತಿರಲಿಲ್ಲ, ಎಲ್ಲ ಕಟ್ಟಿ ಹೇಳಿದ್ದು, ಸುಳ್ಳು ಹೇಳಿ ನಿಮ್ಮಿಂದ ಮಾಫಿ ತೆಗೆದುಕೊಂಡೆ ಎಂದು ತಲೆ ತಗ್ಗಿಸಿ ಒಂದೇ ಉಸಿರಿಗೆ ಹೇಳಿದಳು.

ಮುದುಕರ ಹೊಟ್ಟೆ ಕುಲುಕತೊಡಗಿತು. ಅವರು ನಗುತ್ತಿದ್ದರು.

"ನನಗ ಗೊತ್ತಿತ್ತು, ಬೇಟಿ. ಆಗ ತ್ವಾಟಕ್ಕ ಹೊಸಾ ಗಡ್ಡಿ ಹಚ್ಚಿದ್ದೆ. ಗೊನಿ ಬಿಡಲಾಕ ಇನ್ನಾ ಆರು ತಿಂಗಳಿತ್ತು. ಒಂದು ಕಾಯಿ ಸೈತ ಇರಲಿಲ್ಲ."

ಅನ್ನಮ್ಮ ತಲೆ ಎತ್ತಿದಳು. ಹಾಗಿದ್ದರೆ ಅವತ್ತೇ ಯಾಕ ಹೇಳಲಿಲ್ಲ ಚಾಚಾ, ಎಂದು ಕೇಳಿದಳು.

"ಹ್ಯಾಂಗ ಹೇಳಲಿ? ನೀ ಗ್ವಾಡಿ ಮ್ಯಾಗ ಕೂತಿದ್ದಿ. ನಡುವ ಬಾಯಿ ಹಾಕಿದ್ರ ಇಳಿಯೋದು ಹ್ಯಾಂಗ ಗೊತ್ತಾಗಬೇಕು ನನಗ? ಇಲ್ಲದ ಹಣ್ಣು ಹಿಂಗ ತಿಂದವ್ರನ್ನ ನಾ ಎಲ್ಲೂ ನೋಡಿಲ್ಲ." ಅವರು ಕಣ್ಣೊರೆಸಿಕೊಂಡರು. "ಅದಕ್ಕೇ ಗೊನಿ ಬಿಟ್ಟ ಮ್ಯಾಗ ಕಳಸ್ದೆ. ಖರೆ ರುಚಿ ಹ್ಯಾಂಗಿರ್ತದ ಹುಡುಗಿಗಿ ತಿಳೀಲಿ ಅಂತ. ಉಪ್ಪುಪ್ಪು ಅಂದಿದ್ದಿಯಲ್ಲ."

ರೋಷನಬಿ ಚಹಾದ ಬಟ್ಟಲು ಹಿಡಿದುಕೊಂಡು ಬಂದಾಗ ಅನ್ನಮ್ಮ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅಷ್ಟು ವರ್ಷ ಹೊತ್ತ ಕಲ್ಲು ಇಳಿದದ್ದಕ್ಕಿಂತ ಅವಳಿಗೆ ಖುಷಿಯಾದದ್ದು ಬೇರೆಯದಕ್ಕೆ. ಆ ಮನುಷ್ಯ ಮೋಸ ಹೋಗಿರಲಿಲ್ಲ. ಕತೆ ಎಂದು ಗೊತ್ತಿದ್ದೇ ಕೂತು ಕೇಳಿದ್ದರು, ಕೆಲಸ ಬಿಟ್ಟು, ಹಗ್ಗ ಪಕ್ಕಕ್ಕಿಟ್ಟು. ಅವಳು ಚೀಲದಿಂದ ಪ್ಯಾಡು ತೆಗೆದಳು. ಬರೆದಷ್ಟನ್ನು ಗಟ್ಟಿಯಾಗಿ ಓದಿದಳು. ಹುಡುಗಿ ಗೋಡೆ ಹತ್ತಿ ಕೂತಲ್ಲಿಗೆ ಬಂದು, ಇಷ್ಟೇ ಆಗ್ಯಾದ ಚಾಚಾ ಎಂದಳು.

ಬುರ್ಹಾನುದ್ದೀನ್ ಹೊರಸಿನ ಮೇಲೆ ಮುಂದಕ್ಕೆ ಬಾಗಿದರು.

"ಆಮ್ಯಾಗ?"

ಕೊನೆಯ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಅನ್ನಮ್ಮ ಬೇವಿನ ಬುಡಕ್ಕೆ ಬೆನ್ನು ಕೊಟ್ಟು, ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಚಹಾ ಆರಿಹೋಯಿತು. ಹತ್ತೊಂಬತ್ತು ವರ್ಷದಿಂದ ಗೋಡೆಯ ಮೇಲೆ ಕೂತಿದ್ದ ಹುಡುಗಿ ಆ ಮಧ್ಯಾಹ್ನ ತೋಟದೊಳಕ್ಕೆ ಇಳಿದಳು.