ಅಕ್ಕನ ಹೆಸರು ಹೇಳಿದ್ದು

ನನ್ನ ಬಾಯಿಗಿ ಮೊದಲಿಂದ ಬೀಗ ಇಲ್ಲ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತ ಅವ್ವ ಸಾಯೂತನಕ ಹೇಳಿದಳು. ನನ್ನ ತಲ್ಯಾಗ ಇಳೀಲಿಲ್ಲ.

ಆಳಂದದಾಗ ಒಂದು ಜಾಗಾ ಖರೀದಿ ಮಾಡೂದಿತ್ತು, ರೊಕ್ಕ ಕಮ್ಮಿ ಬಿತ್ತು. ಜೇವರ್ಗಿಗಿ ಕೊಟ್ಟ ನಮ್ಮಕ್ಕ ಗಂಡಗ ಗೊತ್ತಿಲ್ಲದಂಗ ತವರಿನ ಬಂಗಾರದ ಪಾಟ್ಲಿ ಮಾರಿ ಕೊಟ್ಟಳು. ಜೇವರ್ಗ್ಯಾಗ ಮಾರಿದ್ರ ಸುದ್ದಿ ಆಗತದಂತ, ಘತ್ತರಗಿ ದೇವಿಗಿ ಹೋಗ್ತೇನಿ ಅಂತ ಮನ್ಯಾಗ ಹೇಳಿ ಅಫಜಲಪುರಕ್ಕ ಬಂದಳು. ಮಾರಿದ ಅಂಗಡ್ಯಾಗೇ ಗಿಲೀಟಿನ ಪಾಟ್ಲಿ ತಗೊಂಡು ಕೈಗಿ ಏರಿಸಿಕೊಂಡಳು. ಮಾರಿದ ಚೀಟಿ ನನ್ನ ಕೈಯಾಗ ಇಟ್ಟು, "ಒಬ್ಬರ ಮುಂದ ಬಾಯಿ ಬಿಡಬ್ಯಾಡ ತಮ್ಮಾ," ಅಂದಳು.

ಆ ನಗದು ನಾ ಒಂದೇ ಸಲ ಬ್ಯಾಂಕಿಗಿ ಕಟ್ಟಿದೆ. ಮುಂದ ಇನ್ಕಮ್ ಟ್ಯಾಕ್ಸಿನವರ ನೋಟಿಸ್ ಬಂತು. ಈ ರೊಕ್ಕ ಎಲ್ಲಿಂದ ಬಂತು, ಪುರಾವೆ ಕೊಡ್ರಿ, ಇಲ್ಲಂದ್ರ ಟ್ಯಾಕ್ಸು, ದಂಡ ಎರಡೂ. ಅಷ್ಟು ಕಟ್ಟಬೇಕಂದ್ರ ತಗೊಂಡ ಜಾಗಾನೇ ಮಾರಬೇಕಾಗತಿತ್ತು. ನಮ್ಮ ವಕೀಲ್ರು, "ಮೊದಲ ಅಕ್ಕನ್ನ ಕೇಳ್ರಿ, ಆಮ್ಯಾಲ ಹೆಸರು ಕೊಡೂಣು," ಅಂದ್ರು. ಇವತ್ತು ಕೇಳ್ತೇನಿ, ನಾಳಿ ಕೇಳ್ತೇನಿ ಅಂತ ನಾ ದಿನಾ ದೂಡಿದೆ.

ಕಲಬುರಗಿ ಆಫೀಸಿನ್ಯಾಗ, ನಮ್ಮವ್ರೊಬ್ರು ಕೊಟ್ಟಾರ್ರಿ ಅಂದೆ. ಸಾಹೇಬ್ರು ನಕ್ಕರು. "ಹೆಸರಿಲ್ಲದ ನಮ್ಮವ್ರು ಎಲ್ಲಾರಿಗೂ ಇರ್ತಾರ್ರಿ."

ಸಿಟ್ಟು ನೆತ್ತಿಗೇರ್ತು. ನಾ ಏನ್ ಕಳ್ಳ ಏನ್ರಿ ಅಂದವನೇ ಅಕ್ಕನ ಹೆಸರು, ಊರು ಹೇಳಿ ಚೀಟಿ ತಗದು ಮೇಜಿನ ಮ್ಯಾಲ ಇಟ್ಟೆ. ಖರೇ ಹೇಳಿದೆ ಅಂತ ಎದಿ ಬ್ಯಾರೆ ಹಗುರಾತು. ಈಗ ನೆನಸಿದ್ರ ನನ್ನ ಮ್ಯಾಲ ನನಗೇ ಹೇಸಿಕಿ ಬರ್ತದ.

ಸ್ವಲ್ಪ ದಿನಕ್ಕ ಅಕ್ಕನ ಹೆಸರಿಗಿ ಆಫೀಸಿನ ಕಾಗದ ಹೋತು. ಟಪಾಲಿನವ ಅದನ್ನ ಆಕಿ ಗಂಡನ ಕೈಯಾಗ ಕೊಟ್ಟ. ಅಕ್ಕ ಕಲಬುರಗಿಗಿ ಬಂದು, ಹೌದ್ರಿ, ನಾನೇ ಕೊಟ್ಟೇನಿ ಅಂತ ಸಹಿ ಮಾಡಿದಳು. ನನ್ನ ಕಡಿ ನೋಡಲಿಲ್ಲ. ರೊಕ್ಕದ ಮೂಲ ಸಾಬೀತಾಗ್ಯದಂತ ಆದೇಶ ಬಂತು.

ಪಂಚಮಿಗಿ ಪ್ರತಿ ವರ್ಷದಂಗ ಅಕ್ಕನ್ನ ಕರೀಲಾಕ ಜೇವರ್ಗಿಗಿ ಹೋದೆ. ಆಕಿ ಗಂಡ ಕಟ್ಟಿ ಮ್ಯಾಲ ಕುಂತಿದ್ರು, ಬರ್ರಿ ಅನ್ನಲಿಲ್ಲ. ಅಕ್ಕ ನೀರಿನ ತಂಬಗಿ ತಂದಳು. ಗಿಲೀಟಿನ ಪಾಟ್ಲಿ ಇರಲಿಲ್ಲ, ಕೈಯಾಗ ಬರೇ ಗಾಜಿನ ಬಳಿ.

"ಜಾಗಾ ಉಳೀತೋ ಇಲ್ಲೋ ತಮ್ಮಾ?"

"ಉಳೀತಕ್ಕಾ."

"ಚಲೋ ಆತು. ತವರಿಗಿ ಹೋದ್ರ ಅಲ್ಲೇ ಇರು ಅಂದಾರ ಇವರು. ನಾ ಇನ್ನ ಬರಾಂಗಿಲ್ಲ. ನೀರು ಕುಡದು ಹೋಗು."